ಎಲೀಷಪ್ಪ ಉಪದೇಶಿಯ ಕಡೇ ದೃಷ್ಟಾಂತ

ಬಾವಿಗೆ ಇನ್ನೂ ಗಡಗಡೆ ಬಂದಿರಲಿಲ್ಲ, ನೀರು ಸೇದುವವರ ಅಂಗೈಯಲ್ಲಿ ಹಗ್ಗದ ಗೆರೆ ಮೂಡಿರುತ್ತಿತ್ತು, ಅಷ್ಟು ಹಿಂದಿನ ಮಾತು. ಬೆಳವಲ ಸೀಮೆಯ ಒಂದು ಊರಲ್ಲಿ ನೇಕಾರರ ಓಣಿ ಒಂದಿತ್ತು. ಓಣಿಯ ತುದಿಗೆ ಹೆಂಚಿನ ಒಂದು ಚರ್ಚು. ಆ ಚರ್ಚಿಗೆ ಎಲೀಷಪ್ಪ ಎಂಬ ಉಪದೇಶಿ ಇದ್ದನಂತೆ. ಅವನನ್ನು ನಾನು ನೋಡಿಲ್ಲ, ನನ್ನ ಅಜ್ಜಿ, ನಮ್ಮ ಆಯಿಯೂ ನೋಡಿಲ್ಲ. ನೋಡಿದವರ ಬಾಯಿಂದ ಆಯಿ ಕೇಳಿದಳು, ಆಯಿಯ ಬಾಯಿಂದ ನಾನು ಕೇಳಿದೆ. ನಡುವೆ ಯಾರು ಎಷ್ಟು ಉಪ್ಪುಖಾರ ಹಚ್ಚಿದರೋ ದೇವರಿಗೇ ಗೊತ್ತು.

ಆಗೆಲ್ಲ ಭಾನುವಾರದ ಪ್ರಸಂಗಕ್ಕೆ ಬೇಕಾದ ದೃಷ್ಟಾಂತಗಳು ಒಂದು ದಪ್ಪ ಪುಸ್ತಕದಿಂದ ಬರುತ್ತಿದ್ದವಂತೆ. ದೂರದೇಶದವರು ಬರೆದ ಪುಸ್ತಕ. ಅದರ ತುಂಬ ಹಿಮ, ಹಡಗು, ದೀಪಸ್ತಂಭ. ಬೆಳವಲದವರು ಹಡಗನ್ನು ಎಲ್ಲಿ ಕಂಡಾರು? ಎಲೀಷಪ್ಪನೂ ಮೊದಮೊದಲು ಅದನ್ನೇ ಓದಿಕೊಂಡು ಬಂದು ಹೇಳುತ್ತಿದ್ದ. ಗಂಡಸರ ಕಡೆಯವರು ತೂಕಡಿಸುತ್ತಿದ್ದರು, ಹೆಂಗಸರ ಕಡೆಯವರು ಒಲೆಯ ಮೇಲಿಟ್ಟು ಬಂದ ಸಾರಿನ ಚಿಂತೆಯಲ್ಲಿರುತ್ತಿದ್ದರು. ಒಂದು ಭಾನುವಾರ ಅವನು ಹಿಮದಲ್ಲಿ ದಾರಿ ತಪ್ಪಿ ಸತ್ತ ಹುಡುಗಿಯ ಕಥೆ ಹೇಳಿ ಪೀಠದಿಂದ ಇಳಿದ. ಬಾಗಿಲ ಹತ್ತಿರ ಒಬ್ಬ ಮುದುಕಿ ಅವನನ್ನು ನಿಲ್ಲಿಸಿಕೊಂಡಳು.

“ಉಪದೇಶ್ಯಾರ, ಹಿಮಾ ಅಂದ್ರ ಏನ್ರೀ? ಹಿಂಜಿದ ಹತ್ತಿ ಅರಳೀ ಹಂಗ ಇರತೈತೇನು? ಅರಳ್ಯಾಗ ಬಿದ್ದ ಹುಡುಗಿ ಹ್ಯಾಂಗ ಸಾಯತಾಳ್ರೀ, ಬೆಚ್ಚಗ ಇರತೈತಲ್ಲ!”

ಎಲೀಷಪ್ಪನಾದರೂ ಹಿಮವನ್ನು ಎಲ್ಲಿ ನೋಡಿದ್ದ, ಪಾಪ. ಅಂದೇ ಆ ಪುಸ್ತಕ ಅಟ್ಟ ಸೇರಿತು ಅಂತಾರೆ. ಇಲಿಗಳು ಮಾತ್ರ ಅದನ್ನು ಮನಸಾರೆ ಓದಿದವು.

ಮಾರನೇ ದಿನದಿಂದ ಎಲೀಷಪ್ಪ ಹೊಸ ರೂಢಿ ಹಾಕಿಕೊಂಡ. ಬರುವ ಭಾನುವಾರ ಬೈಬಲ್ಲಿನ ಯಾವ ಪಾಠವೋ ಅದನ್ನು ಹಿಡಿದು ಓಣಿಯ ಮನೆಮನೆಗೆ ಹೋಗುತ್ತಿದ್ದ. ಹೋದವನು ಸುಮ್ಮನೆ ಕೂರುತ್ತಿರಲಿಲ್ಲ. ರಾಟೆಯ ಮುಂದೆ ಕೂತು ಮಗ್ಗದವರಿಗೆ ಕಂಡಿಕೆ ಸುತ್ತಿ ಕೊಡುತ್ತಿದ್ದ. ಲಾಳಿಯೊಳಗೆ ಇಡುವ ನೂಲಿನ ಕಡ್ಡಿ ಇದೆಯಲ್ಲ, ಅದೇ ಕಂಡಿಕೆ. ಕೈಗೆ ಕೆಲಸ ಇದ್ದವನ ಮುಂದೆ ಬಾಯಿ ಬೇಗ ಬಿಚ್ಚುತ್ತದೆ. ಎರಡು ಕಂಡಿಕೆ ಸುತ್ತಿದ ಮೇಲೆ ಪಾಠ ಓದುತ್ತಿದ್ದನಂತೆ. ಓದಿ, ಇಂಥದ್ದು ನಿಮ್ಮ ಮನೆಯಲ್ಲಿ ಎಂದಾದರೂ ಆಗಿದೆಯೇ ಅಂತ ಕೇಳುತ್ತಿದ್ದನಂತೆ.

ಆಗಿರದೇ ಏನು? ತಪ್ಪಿಹೋದ ಮಗ ಯಾರ ಮನೆಯಲ್ಲಿಲ್ಲ? ಮುನಿದು ಕೂತ ಅಣ್ಣ ಯಾರ ಮನೆಯಲ್ಲಿಲ್ಲ? ಜನ ಹೇಳಿದರು. ಅವನು ಕೇಳಿಸಿಕೊಂಡ. ಆದರೆ ಕೇಳಿದ್ದನ್ನು ಕೇಳಿದ ಹಾಗೆ ಪೀಠದ ಮೇಲೆ ಹೇಳುತ್ತಿರಲಿಲ್ಲ. ಊರು ಬದಲಿಸುತ್ತಿದ್ದ, ಕಸುಬು ಬದಲಿಸುತ್ತಿದ್ದ, ಗಂಡಸಿನ ಕಥೆಯಾದರೆ ಹೆಂಗಸಿನದು ಮಾಡುತ್ತಿದ್ದ. ಇದು ಯಾರ ಮನೆಯ ಮಾತು ಅಂತ ಕೊಟ್ಟವನಿಗೆ ಗೊತ್ತು, ಹೇಳಿದವನಿಗೆ ಗೊತ್ತು, ದೇವರಿಗೆ ಗೊತ್ತು. ಕೊಟ್ಟವನು ಮಾತ್ರ ಕೂತಲ್ಲೇ ಕಣ್ಣೊರೆಸಿಕೊಂಡು, ತನ್ನ ಮನೆಯ ಸಂಕಟವೂ ದೇವರ ವಾಕ್ಯದ ಪಕ್ಕದಲ್ಲಿ ಕೂರುವಷ್ಟು ದೊಡ್ಡದಾಯಿತಲ್ಲ ಅಂತ ಹಗುರಾಗಿ ಮನೆಗೆ ಹೋಗುತ್ತಿದ್ದ.

ಅವನ ಬಾಯಿಗೆ ಏನು ಶಕ್ತಿ ಇತ್ತೋ. ಕಳೆದುಹೋದ ನಾಣ್ಯದ ಪಾಠದ ದಿನ ಮೂಗುತಿ ಕಳಕೊಂಡ ಸೊಸೆಯ ಕಥೆ ಹೇಳಿದನಂತೆ. ಸಭೆಗೆ ಸಭೆಯೇ ಬಗ್ಗಿ ತಾನು ಕೂತ ಚಾಪೆಯ ಕೆಳಗೆ ಹುಡುಕಿತಂತೆ. ಸಮುದ್ರದ ಬಿರುಗಾಳಿಯ ಪಾಠದ ದಿನ ಮುಂದೆ ಕೂತವರು ಮುಖ ಒರೆಸಿಕೊಂಡರಂತೆ, ಸೆರಗಿಗೆ ನೀರು ಹತ್ತಿತ್ತಂತೆ. ಸುಳ್ಳೋ ನಿಜವೋ, ಆಯಿ ಹೇಳಿದ್ದನ್ನು ನಾನು ಹೇಳುತ್ತೇನೆ. ಬೇರೆ ಓಣಿಯವರು, ನಮ್ಮ ದೇವರಿಗೆ ನಡಕೊಳ್ಳದವರು ಕೂಡ, ಕಿಟಕಿಯ ಹೊರಗೆ ನಿಂತು ದೃಷ್ಟಾಂತ ಮುಗಿಯುವ ತನಕ ಕೇಳಿ ಹೋಗುತ್ತಿದ್ದರಂತೆ.

ಹೀಗೆ ಹೊಗಳಿಸಿಕೊಂಡವನಿಗೆ ಒಂದು ರುಚಿ ಹತ್ತುತ್ತದೆ. ಎಲೀಷಪ್ಪ ಕೆಟ್ಟವನಲ್ಲ. ಆದರೂ ಕಥೆ ಚೆಂದ ಆಗಬೇಕು ಅನ್ನುವ ಆಸೆ ಅವನಿಗೆ ಹತ್ತಿತ್ತು ಅಂತ ಆಯಿ ಹೇಳುತ್ತಿದ್ದಳು. ಆ ಮಾತು ಹೇಳುವಾಗ ಅವಳ ದನಿ ಇಳಿಯುತ್ತಿತ್ತು.

ಕರ್ತನು ಶಿಲುಬೆಗೆ ಹೋದದ್ದನ್ನು ನೆನೆಯುವ ಶ್ರಮೆಯ ವಾರಗಳು ಬಂದವು. ಪೇತ್ರನ ಪಾಠ ಬಂತು. ನಿಮಗೆಲ್ಲ ಗೊತ್ತಿರುವುದೇ: ಹೆದರಿಕೆಯಲ್ಲಿ ಪೇತ್ರ ತನ್ನ ಗುರುವನ್ನೇ ಅರಿಯೆ ಅಂದ, ಒಂದು ಸಲವಲ್ಲ, ಮೂರು ಸಲ. ಎಲೀಷಪ್ಪ ಎಂದಿನಂತೆ ಓಣಿ ಹಿಡಿದು ಹೊರಟ. ಆ ವಾರ ಯಾರೂ ಬಾಯಿ ಬಿಡಲಿಲ್ಲ. ಕಳಕೊಂಡ ಕಥೆಯನ್ನು ಕೊಡಬಹುದು, ನಮ್ಮವರನ್ನು ನಾವೇ ಅರಿಯೆ ಅಂದ ಕಥೆಯನ್ನು ಯಾರು ಕೊಟ್ಟಾರು? ಕಂಡಿಕೆ ಸುತ್ತಿ ಸುತ್ತಿ ಅವನ ಬೆರಳು ಊದಿದವು. ಶನಿವಾರ ಬಂದರೂ ಕೈ ಬರಿದೇ ಇತ್ತು.

ಶನಿವಾರ ಮಧ್ಯಾಹ್ನ ಅವನು ಸೀಲಪ್ಪನ ಮನೆಗೆ ಹೋದ. ಸೀಲಪ್ಪ ತಾಯಿ ರೂತವ್ವನ ಜೊತೆ ಇದ್ದ ಒಂಟಿ ನೇಕಾರ. ಮದುವೆ ಬೇಡ ಅಂದಿದ್ದ, ಯಾಕೆ ಅಂದರೆ ಹೇಳುತ್ತಿರಲಿಲ್ಲ. ಅವನಿಗೆ ತಿಮೋತಪ್ಪ ಅಂತ ಒಬ್ಬ ಅಣ್ಣ ಇದ್ದ. ಊರಿಗೆ ದೊಡ್ಡ ಬೇನೆ ಬಂದ ವರ್ಷ ಬಟ್ಟೆಯ ಗಂಟು ಹೊತ್ತು ಮಾರಲು ಹೋದವನು ಮರಳಿ ಬಂದಿರಲಿಲ್ಲ. ದೂರದ ಯಾವುದೋ ಊರಲ್ಲಿ ಬದುಕಿದ್ದಾನೆ ಅಂತ ರೂತವ್ವ ನಂಬಿದ್ದಳು. ಪ್ರಾರ್ಥನೆಯ ಹೊತ್ತಿಗೆ ಪ್ರತಿ ಸಲವೂ, ದಾರಿಯಲ್ಲಿರುವವರಿಗಾಗಿ ಬೇಡಿಕೊಳ್ಳಿರಿ ಅಂತ ಸಭೆಗೆ ಹೇಳುತ್ತಿದ್ದಳು.

ಅಂದು ರೂತವ್ವ ಬಾವಿಗೆ ಹೋಗಿದ್ದಳು. ಎಲೀಷಪ್ಪ ರಾಟೆಗೆ ಕೂತು ಪಾಠ ಓದಿದ. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದ ಸೀಲಪ್ಪನ ಲಾಳಿ ನಿಂತಿತು.

ಆಗ ಅವನು ಹೇಳಿದ್ದು ಇದು. ಬೇನೆಯ ವರ್ಷ ಓಣಿಯವರೆಲ್ಲ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಹೊರಗಿಂದ ಬೇನೆಯವರು ಬಾರದಂತೆ ಕಾವಲು ಇತ್ತು, ಕಾವಲಿನವರು ಓಣಿಯವರ ಗುರುತಿಲ್ಲದ ಬೇರೆ ಊರವರು. ಯಾರ ಮನೆಯ ಬೇನೆಯವನು ಬಂದನೋ ಆ ಮನೆಯವರೆಲ್ಲ ಗುಡಿಸಲು ಬಿಟ್ಟು ಬಯಲಿಗೆ ಹೋಗಬೇಕು ಅಂತ ಕಟ್ಟಪ್ಪಣೆ. ತಿಮೋತಪ್ಪ ಮೈಯೆಲ್ಲ ಸುಡುತ್ತ ಹಳ್ಳದ ದಂಡೆಯ ಬನ್ನಿಗಿಡದ ತನಕ ಬಂದು ಬಿದ್ದ. ತಮ್ಮನ ಹೆಸರು ಹಿಡಿದು ಕೂಗಿದ. ಕಾವಲಿನವರು ಸೀಲಪ್ಪನನ್ನು ಕರಕೊಂಡು ಹೋಗಿ, ಇವನು ನಿನ್ನವನೇನು ಅಂತ ಕೇಳಿದರು. ಗುಡಿಸಲಲ್ಲಿ ತಾಯಿ ಜ್ವರ ಬಿಟ್ಟು ಆಗಷ್ಟೇ ಎದ್ದು ಕೂತಿದ್ದಳು. ಬಯಲಿಗೆ ಹಾಕಿದರೆ ಉಳಿಯುತ್ತಿರಲಿಲ್ಲ. ಸೀಲಪ್ಪ ಅರಿಯೆ ಅಂದ. ಮತ್ತೆ ಕೇಳಿದರು, ಮತ್ತೆ ಅರಿಯೆ ಅಂದ. ಮುಖ ಒಂದೇ ಥರ ಇದೆಯಲ್ಲೋ ಅಂದರು. ಅದನ್ನು ಕೇಳಿದ ತಿಮೋತಪ್ಪ ತಾನು ಹೊದ್ದಿದ್ದ ಹಚ್ಚಡವನ್ನು ಮೆಲ್ಲಗೆ ಮುಖದ ಮೇಲೆ ಎಳಕೊಂಡನಂತೆ, ತಮ್ಮ ಸಿಕ್ಕಿಬೀಳಬಾರದು ಅಂತ. ಸೀಲಪ್ಪ ಮೂರನೇ ಸಲವೂ ಅರಿಯೆ ಅಂದ. ಮಾರನೇ ದಿನ ಕದ್ದು ಹೋಗಿ ನೋಡಿದರೆ ಗಿಡದ ಕೆಳಗೆ ಹೊಸ ಮಣ್ಣಿತ್ತು.

“ಅವ್ವ ಇರೂತನಕ ಆಕಿಗೆ ಗೊತ್ತಾಗಬಾರದ್ರೀ,” ಅಂದ ಸೀಲಪ್ಪ. “ಆದ್ರ ದೇವರ ಮನ್ಯಾಗ ಒಮ್ಮೆ ಯಾರರ ಇದನ್ನ ಬಾಯಿಬಿಟ್ಟು ಹೇಳಬೇಕು. ನನ್ನ ಕೈಲೆ ಆಗೂದಿಲ್ಲ.”

ಗೊತ್ತಾಗುವುದಿಲ್ಲ ಅಂತ ಎಲೀಷಪ್ಪ ಅವನ ಕೈ ಹಿಡಿದು ಮಾತು ಕೊಟ್ಟ. ಹೊರಡುವ ಮುಂಚೆ ಒಂದೇ ಒಂದು ಕೇಳಿದನಂತೆ: ಆ ಹಚ್ಚಡ ಹೇಗಿತ್ತು? ಸೀಲಪ್ಪ ಹೇಳಿದ.

ಭಾನುವಾರ ಚರ್ಚು ತುಂಬಿತ್ತು. ಎಲೀಷಪ್ಪ ಊರು ಬದಲಿಸಿದ, ಹೊಳೆಯ ಆಚೆಯ ಊರು ಅಂದ. ಕಸುಬು ಬದಲಿಸಿದ, ಕುಂಬಾರರು ಅಂದ. ಅಣ್ಣತಮ್ಮಂದಿರನ್ನು ಅಕ್ಕತಂಗಿಯರು ಮಾಡಿದ. ಕೊಟ್ಟ ಮಾತಿನಂತೆ ಎಲ್ಲ ಬದಲಿಸಿದ. ಸಭೆ ಉಸಿರು ಬಿಗಿಹಿಡಿದು ಕೇಳಿತು. ಅಕ್ಕ ಮುಖ ಮುಚ್ಚಿಕೊಳ್ಳುವ ಜಾಗ ಬಂತು. ಆ ಹಚ್ಚಡ ಎಲ್ಲರ ಕಣ್ಣಿಗೆ ಕಟ್ಟಲಿ ಅಂತ ಅವನು ಅದರ ದಡಿಯನ್ನು, ಅಂಚಿನ ಪಟ್ಟಿಯನ್ನು, ಹೇಳಿದ. ನೀಲಿ ದಡಿ, ನಟ್ಟ ನಡುವೆ ಒಂದೇ ಒಂದು ಕೆಂಪು ಎಳೆ.

ಎಲೀಷಪ್ಪ ಒಕ್ಕಲುತನದ ಮನೆಯಲ್ಲಿ ಹುಟ್ಟಿದವನು. ಕಂಡಿಕೆ ಸುತ್ತುವುದನ್ನು ಕಲಿತಿದ್ದ, ಮಗ್ಗಕ್ಕೆ ಕೂತವನಲ್ಲ. ನೇಕಾರರ ಓಣಿಯಲ್ಲಿ ದಡಿ ಹೇಳಿದರೆ ಹೆಸರು ಹೇಳಿದ ಹಾಗೆ ಅನ್ನುವುದು ಅವನಿಗೆ ತಿಳಿಯಲಿಲ್ಲ. ಅವನಿಗೆ ಅದು ಚೆಂದದ ಮಾತಾಗಿ ಕಂಡಿತ್ತು, ಅಷ್ಟೇ.

ಹೆಂಗಸರ ಕಡೆಯಿಂದ ರೂತವ್ವ ಎದ್ದು ನಿಂತಳು. ಅಳಲಿಲ್ಲ, ಕೂಗಲಿಲ್ಲ.

“ಉಪದೇಶ್ಯಾರ, ಆ ಹಚ್ಚಡಾ ನಾ ನೇಯ್ದದ್ದು. ನೀಲಿ ನೂಲು ಸಾಲಲಿಲ್ಲಂತ ಒಂದ ಎಳೀ ಕೆಂಪು ಹಾಕಿದ್ದೆ. ನನ್ನ ಮಗಾ ಎಲ್ಲಿ ಬಿದ್ದಿದ್ದ? ಅರಿಯೆ ಅಂದಾಂವ ಯಾರು?”

ಎಲೀಷಪ್ಪ ಬಾಯಿಯನ್ನೇನೋ ಮುಚ್ಚಿಕೊಂಡ, ಕಣ್ಣನ್ನು ಹಿಡಿಯಲಾಗಲಿಲ್ಲ. ಅವನ ಕಣ್ಣು ಗಂಡಸರ ಕಡೆಗೆ, ಸೀಲಪ್ಪ ಕೂತ ಕಂಬದ ಹತ್ತಿರ ಹೋಯಿತು. ಸಭೆಯ ತಲೆಗಳೆಲ್ಲ ಅದರ ಹಿಂದೆಯೇ ತಿರುಗಿದವು. ಸೀಲಪ್ಪ ಎದ್ದ. ತಾಯಿಯ ಕಡೆ ನೋಡದೆ ಬಾಗಿಲು ದಾಟಿ ಹೋದ. ಜನ ಹೊರಗೆ ಬರುವಷ್ಟರಲ್ಲಿ ದಾರಿ ಬರಿದಾಗಿತ್ತು.

ಹುಡುಕಿದರು. ಹಳ್ಳದಲ್ಲಿ ಹುಡುಕಿದರು, ಬಾವಿಗಳಲ್ಲಿ ಹುಡುಕಿದರು, ಬನ್ನಿಗಿಡದ ಹತ್ತಿರ ಹುಡುಕಿದರು. ಎಲೀಷಪ್ಪ ಕಾಲಿಗೆ ಕೆರವಿಲ್ಲದೆ ಸೀಮೆಯೆಲ್ಲ ತಿರುಗಿದ ಅಂತಾರೆ. ಎಷ್ಟೋ ಕಾಲದ ಮೇಲೆ ಬಟ್ಟೆ ಮಾರಲು ಹೋದ ಒಬ್ಬ ಒಂದು ಸುದ್ದಿ ತಂದನಂತೆ. ದೂರದ ಪೇಟೆಯೊಂದರಲ್ಲಿ ಕೂಲಿಮಗ್ಗಕ್ಕೆ ಕೂತವನೊಬ್ಬ ಸೀಲಪ್ಪನ ಥರವೇ ಇದ್ದ. ನೀನು ಇಂಥ ಊರವನಲ್ಲವೇನು ಅಂತ ಕೇಳಿದರೆ, ಆ ಊರು ನನಗೆ ಗೊತ್ತಿಲ್ಲ ಅಂದನಂತೆ. ಮತ್ತೆ ಕೇಳಲು ಇವನಿಗೆ ಮನಸ್ಸಾಗಲಿಲ್ಲ.

ಸೀಲಪ್ಪ ಹೋದ ಮೊದಲ ವಾರದಲ್ಲೇ ಎಲೀಷಪ್ಪ ರೂತವ್ವನ ಮನೆಗೆ ಹೋಗಿ ಬಾಗಿಲಲ್ಲಿ ನಿಂತ. ಅವಳು ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಅವನು ಒಳಗೆ ಹೋಗಿ ರಾಟೆಯ ಮುಂದೆ ಕೂತ. ಮಗನ ಮಗ್ಗಕ್ಕೆ ಈಗ ತಾಯಿಯೇ ಇಳಿದಿದ್ದಳು. ಇವನು ಕಂಡಿಕೆ ಸುತ್ತಿ ಕೊಟ್ಟ, ಅವಳು ಇಸಕೊಂಡು ನೇಯ್ದಳು. ಹೊತ್ತು ಇಳಿದ ಮೇಲೆ ಒಂದೇ ಮಾತು ಅಂದಳಂತೆ.

“ಸತ್ತ ಮಗನ ಸುದ್ದಿ ತಂದ್ರಿ, ಅದು ಆತು. ದಡಿ ಒಂದು ಬಿಟ್ಟಿದ್ರ ನನಗ ಇನ್ನೊಬ್ಬ ಮಗಾ ಉಳೀತಿದ್ದಾ.”

ಎಲೀಷಪ್ಪ ಇನ್ನೊಂದು ಕಂಡಿಕೆ ಸುತ್ತಿ ಅವಳ ಕೈಗಿಟ್ಟ.

ಮುಂದಿನ ಭಾನುವಾರ ಅವನು ಪೀಠ ಹತ್ತಿದ. ಪಾಠ ಓದಿದ, ಅರ್ಥ ಬಿಡಿಸಿ ಹೇಳಿದ. ಇದಕ್ಕೊಂದು ದೃಷ್ಟಾಂತ ಅಂದವನು ಅಲ್ಲಿಗೇ ನಿಂತ. ಬಾಯಿ ತೆರೆದಿತ್ತು, ಮಾತು ಬರಲಿಲ್ಲ. ಸಭೆ ಕಾದಿತು. ಕಿಟಕಿಯ ಹೊರಗಿನವರು ಕಾದು ಕಾದು ಹೋದರು. ಮಕ್ಕಳು ಅಳು ಹಿಡಿದು ಅಳು ಬಿಟ್ಟರು. ಅವನು ಪೀಠದ ಎರಡೂ ಅಂಚು ಹಿಡಿದು ನಿಂತೇ ಇದ್ದ. ಯಾರಿಗೂ ಏನು ಮಾಡಬೇಕೋ ತಿಳಿಯಲಿಲ್ಲ. ಕೊನೆಗೆ ರೂತವ್ವ ಕೂತಲ್ಲಿಂದಲೇ, “ಸಾಕು, ಇಳೀರಿ,” ಅಂದಳು. ಅವನು ಇಳಿದ.

ಅದು ಕ್ಷಮೆಯೋ, ಸಿಟ್ಟೋ, ಬೇಸರವೋ ಯಾರೂ ಹೇಳಲಾರರು. ಆಯಿ ಕ್ಷಮೆ ಅನ್ನುತ್ತಿದ್ದಳು. ನಾನು ಹಾಗನ್ನುವುದಿಲ್ಲ. ಇಬ್ಬರು ಮಕ್ಕಳನ್ನು ಕಳಕೊಂಡವಳ ಬಾಯಿಂದ ಅಷ್ಟು ಬೇಗ ಕ್ಷಮೆಯನ್ನು ಕಿತ್ತುಕೊಳ್ಳಬೇಡಿ.

ಆಮೇಲೆ ಎಲೀಷಪ್ಪ ಬದುಕಿದ್ದಷ್ಟು ದಿನ ಪೀಠದ ಮೇಲೆ ಒಂದು ಕಥೆಯನ್ನೂ ಹೇಳಲಿಲ್ಲ. ಪಾಠ ಓದುತ್ತಿದ್ದ, ಅರ್ಥ ಹೇಳುತ್ತಿದ್ದ, ಇಳಿಯುತ್ತಿದ್ದ. ಕಿಟಕಿಯ ಹೊರಗೆ ಹುಲ್ಲು ಬೆಳೆಯಿತು. ರೂತವ್ವ ಮಣ್ಣಾಗುವ ತನಕ ಅವಳ ಮಗ್ಗಕ್ಕೆ ಕಂಡಿಕೆ ಸುತ್ತಿದವನು ಅವನೇ ಅಂತಾರೆ. ಅವಳು ಅವನ ಜೊತೆ ಮತ್ತೆ ಮಾತಾಡಿದ್ದನ್ನು ಕೇಳಿದವರಿಲ್ಲ.

ಇವತ್ತಿಗೂ ಅದೇ ಓಣಿಯ ನಮ್ಮ ಚರ್ಚಿನಲ್ಲಿ ಪೇತ್ರನ ಪಾಠದ ಭಾನುವಾರ ದೃಷ್ಟಾಂತ ಹೇಳುವುದಿಲ್ಲ. ಎಷ್ಟು ಓದಿದ ಪಾದ್ರಿ ಅಯ್ಯನವರು ಬರಲಿ, ದೃಷ್ಟಾಂತದ ಜಾಗ ಬಂದಾಗ ಬಾಯಿ ಮುಚ್ಚಿ ನಿಲ್ಲಬೇಕು. ನಾವು ತಲೆ ತಗ್ಗಿಸಿ ಕೂರುತ್ತೇವೆ. ಗಂಡಸರು ಹೆಂಗಸರ ಕಡೆ ನೋಡುವುದಿಲ್ಲ, ಹೆಂಗಸರು ಗಂಡಸರ ಕಡೆ ನೋಡುವುದಿಲ್ಲ. ಸಭೆಯಲ್ಲಿ ಎಲ್ಲರಿಗಿಂತ ಹಿರಿಯಳಾದ ಹೆಂಗಸು, ಸಾಕು ಇಳೀರಿ, ಅನ್ನುವ ತನಕ ಅಯ್ಯನವರು ಇಳಿಯುವ ಹಾಗಿಲ್ಲ. ನನಗಿಂತ ಹಿರಿಯರೆಲ್ಲ ಹೋದರು. ಈಗ ಆ ಮಾತು ನನ್ನ ಪಾಲಿಗೆ ಬಂದಿದೆ.

ಹೋದ ವರ್ಷ ಹೊಸ ಅಯ್ಯನವರು ಬಂದಿದ್ದರು, ಎಳೆಯ ವಯಸ್ಸು. ಇದೆಂಥ ಪದ್ಧತಿ ಅಂತ ಮೊದಲು ನಕ್ಕರು. ಆ ಭಾನುವಾರ ಆ ಜಾಗಕ್ಕೆ ಬಂದು ನಿಂತರು. ಸ್ವಲ್ಪ ಹೊತ್ತಾದ ಮೇಲೆ ಪೀಠದಿಂದ ಅಳು ಕೇಳಿಸಿತು. ದೊಡ್ಡವರು ಅಳುವ ಅಳು. ನಾನು ಸಾಕು ಅನ್ನಲಿಲ್ಲ. ಅವರ ಅಳು ಮುಗಿಯುವ ತನಕ ಬಿಟ್ಟೆ. ಆಮೇಲೆ ಅಂದೆ, ಅವರು ಇಳಿದರು. ಯಾಕೆ ಅತ್ತಿರಿ ಅಂತ ಈ ಓಣಿಯಲ್ಲಿ ಇವತ್ತಿನ ತನಕ ಅವರನ್ನು ಯಾರೂ ಕೇಳಿಲ್ಲ.