ಅಕ್ಕಸಾಲಿಗನ ಕುಳ್ಳಮರ

"ಬುದ್ಧೀ, ನನ್ನ ಮೇಲಿನ ಆಸೆ ಬಿಟ್ಟುಬಿಟ್ರಾ?"

ಮರುಳಸಿದ್ಧ ಹೀಗೆ ಕೇಳಿದ್ದು ಒಂದು ಬೆಳಿಗ್ಗೆ, ಮಠದ ಬಾವಿಯಿಂದ ಹದಿನಾರನೆಯ ಕೊಡ ಸೇದಿ ಇಳಿಸಿದ ಮೇಲೆ. ಗುರುಗಳು ಎಂದಿನಂತೆ ಬಾವಿಕಟ್ಟೆಯ ಪಕ್ಕದ ಚಪ್ಪಡಿ ಕಲ್ಲಿನ ಮೇಲೆ ಕೂತಿದ್ದರು. ಬಿಸಿಲೇರಿದರೂ ಅವರು ಅಲ್ಲಿಂದ ಏಳುತ್ತಿರಲಿಲ್ಲ. ವಯಸ್ಸಾದ ಜೀವ, ಮಂಡಿನೋವಿಗೆ ಬಿಸಿಲು ಬೇಕಾಗಿರಬೇಕು ಎಂದು ಮರುಳಸಿದ್ಧ ತಿಳಿದಿದ್ದ.

ಅವನು ಮಠ ಸೇರಿ ಐದು ವರ್ಷವಾಗಿತ್ತು. ಓದಿನಲ್ಲಿ ಮುಂದು, ಮಾತಿನಲ್ಲಿ ಇನ್ನೂ ಮುಂದು. ಸೋಮವಾರದ ಪ್ರವಚನವನ್ನು ಗುರುಗಳು ಅವನಿಗೇ ವಹಿಸಿದ್ದರು. ಜನ ಮೆಚ್ಚಿದರು. ಮೆಚ್ಚುಗೆ ತಲೆಗೇರಿತು. ಒಂದು ಸೋಮವಾರ, ಏನೋ ಸಂದೇಹ ಕೇಳಿದ ಒಬ್ಬ ಮುದುಕನನ್ನು ಅವನು ತುಂಬಿದ ಸಭೆಯಲ್ಲಿ ಆಡಿಕೊಂಡು ನಗಿಸಿದ. ಮುದುಕ ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದುಹೋದ. ಮರುದಿನ ಹೊತ್ತು ಮುಳುಗುವುದರೊಳಗೆ ಗುರುಗಳು ಮರುಳಸಿದ್ಧನಿಂದ ಪ್ರವಚನ ಬಿಡಿಸಿದರು, ಪುಸ್ತಕದ ಕೋಣೆಯ ಬೀಗದಕೈ ಇಸಿದುಕೊಂಡರು, ಮಲಗುವ ಜಾಗವನ್ನು ಹಿಂದಿನ ಜಗಲಿಗೆ ಬದಲಾಯಿಸಿದರು, ತೋಟಕ್ಕೆ ನೀರು ಸೇದುವ ಕೆಲಸ ಹಚ್ಚಿದರು. ಆಮೇಲೆ ಅವನಿಗೆ ಪಾಠವಿಲ್ಲ, ಬೈಗುಳವಿಲ್ಲ, ಬುದ್ಧಿಮಾತೂ ಇಲ್ಲ. ಹೀಗೆ ಎಂಟು ತಿಂಗಳು ಕಳೆದವು.

"ತಪ್ಪು ನನ್ನದೇ. ಬೈದಿದ್ರೆ ತಡ್ಕೋತಿದ್ದೆ," ಎಂದ ಮರುಳಸಿದ್ಧ. "ಬೈಯ್ಯೋದಕ್ಕೂ ಲಾಯಕ್ಕಿಲ್ಲ ಅನ್ನೋದಾದ್ರೆ ಹೇಳಿಬಿಡಿ. ಬಟ್ಟೆ ಗಂಟು ಕಟ್ಟಿಟ್ಟಿದೀನಿ. ಇವತ್ತೇ ಹೊರಡ್ತೀನಿ."

ಹೊರಡಲು ಅವನಿಗೆ ಮನಸ್ಸಿರಲಿಲ್ಲ. ಹೊರಡು ಎಂದುಬಿಟ್ಟಾರು ಎಂದು ಹೆದರಿದ್ದ. ಗುರುಗಳು ಹೊರಡು ಎನ್ನಲಿಲ್ಲ, ಇರು ಎಂದೂ ಅನ್ನಲಿಲ್ಲ. ಹಗ್ಗ ಕೆಳಗಿಡು ಎಂದು ಸನ್ನೆ ಮಾಡಿ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಅಕ್ಕಸಾಲಿಗನಿದ್ದ. ಒಳ್ಳೆಯ ಕೆಲಸಗಾರ. ಅವನು ಮಾಡಿಕೊಟ್ಟ ಓಲೆಯನ್ನು ಮೊಮ್ಮಗಳ ಕಾಲಕ್ಕೂ ಯಾರೂ ಕರಗಿಸಿ ಬೇರೆ ಮಾಡಿಸುತ್ತಿರಲಿಲ್ಲ. ಅರವತ್ತು ದಾಟಿದ ಮೇಲೆ ಅವನ ಬಲಗೈ ಹೆಬ್ಬೆರಳು ನಡುಗತೊಡಗಿತು. ನಡುಗುವ ಬೆರಳಿಗೆ ಹರಳು ಕೂರಿಸುವ ಕೆಲಸ ಒಗ್ಗುವುದಿಲ್ಲ. ಅವನ ಅಗ್ಗಿಷ್ಟಿಕೆ ಆರಿತು. ಊದುಗೊಳವೆ ಗೂಡು ಸೇರಿತು. ಎರಡು ವರ್ಷ ಅವನು ಮನೆಯಲ್ಲಿ ಸುಮ್ಮನೆ ಕೂತ. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ. ಗಾದೆ ಬಡಗಿಯ ಮೇಲಿದೆ, ಆದರೆ ಅಕ್ಕಸಾಲಿಗರೂ ಅದಕ್ಕೆ ಹೊರತಲ್ಲ. ಅವನು ಹೆಂಡತಿಯ ಒಗ್ಗರಣೆಯಲ್ಲಿ ತಪ್ಪು ಹುಡುಕಿದ, ಬಾಗಿಲ ಚಿಲಕ ಬಿಚ್ಚಿ ಮತ್ತೆ ಹಾಕಿದ, ಮನೆಯವರ ತಲೆ ತಿಂದ.

ಒಮ್ಮೆ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಅಲ್ಲೊಂದು ಮರ ನೋಡಿದ. ಊಟದ ತಟ್ಟೆಯಷ್ಟಗಲದ ಕುಂಡದಲ್ಲಿ ಮೊಳದುದ್ದದ ಮರ. ನೂರು ವರ್ಷ ಗಾಳಿಗೆ ಸಿಕ್ಕಿ ಬಾಗಿದ ಹಾಗೆ ಬಾಗಿತ್ತು. ಬೋನ್ಸಾಯ್ ಎಂದರು. ಅಕ್ಕಸಾಲಿಗನ ಕಣ್ಣು ಹೋದದ್ದು ಕೊಂಬೆಗಳಿಗೆ ಸುತ್ತಿದ್ದ ತಾಮ್ರದ ತಂತಿಯ ಮೇಲೆ. ತಂತಿ ಸುತ್ತಿ ಬಗ್ಗಿಸುವುದು ತಾನು ಜೀವಮಾನವಿಡೀ ಮಾಡಿದ ಕೆಲಸ. ಇಷ್ಟು ದಪ್ಪದ ತಂತಿಯಾದರೆ ನಡುಗುವ ಬೆರಳೂ ಸಾಕು. ಅವನಿಗೆ ಹೋದ ಜೀವ ಬಂದಂತಾಯಿತು.

ಮರುದಿನವೇ ನರ್ಸರಿಗೆ ಹೋದ. ನರ್ಸರಿ ನಡೆಸುತ್ತಿದ್ದವಳು ಒಬ್ಬ ಮುದುಕಿ. ಅವಳು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿದ್ದ ಒಂದು ಜುನಿಪರ್ ಗಿಡ ತೆಗೆದುಕೊಟ್ಟಳು. ಚಳಿನಾಡಿನ ಬೆಟ್ಟದ ಗಿಡ, ಚುಚ್ಚುವಂಥ ಸಣ್ಣ ಎಲೆ, ಪೊದೆಯಂತೆ ಬೆಳೆದಿತ್ತು.

"ಆಚಾರ್ರೇ, ಇದಕ್ಕೆ ವರ್ಷಕ್ಕೆ ಒಂದೇ ಕೆಲಸ," ಎಂದಳು. "ಈ ವರ್ಷ ಕೊಂಬೆ ಸವರಿ. ಬೇರಿನ ತಂಟೆಗೆ ಹೋಗ್ಬೇಡಿ. ತಂತಿ ಗಿಂತಿ ಎಲ್ಲ ಆಮೇಲೆ."

ಅಕ್ಕಸಾಲಿಗ ತಲೆಯಾಡಿಸಿದ. ಅದು ಮರ್ಯಾದೆಗೆ ಆಡಿಸಿದ ತಲೆ. ಅವನು ಅಪ್ಪನಿಂದ ಕಲಿತ ವಿದ್ಯೆಯೇ ಬೇರೆ. ಬೆಂಕಿಗಿಟ್ಟದ್ದನ್ನು ಆರುವ ಮೊದಲೇ ಬಗ್ಗಿಸಬೇಕು. ಶುರು ಮಾಡಿದ ಒಡವೆಯನ್ನು ಅರ್ಧಕ್ಕೆ ಬಿಟ್ಟು ಏಳುವುದು ಅವರ ಮನೆತನದಲ್ಲಿ ಅಪಶಕುನ. ಅವನು ಮನೆಗೆ ಬಂದು ಹಳೆಯ ಮಣೆಯ ಮೇಲೆ ಕೂತ. ಕೊಂಬೆಗಳಲ್ಲಿ ಮುಕ್ಕಾಲು ಪಾಲು ಸವರಿದ. ಉಳಿದವಕ್ಕೆ ತಂತಿ ಸುತ್ತಿ ಬಗ್ಗಿಸಿದ. ಬೇರನ್ನು ಅರ್ಧಕ್ಕರ್ಧ ಕತ್ತರಿಸಿ ತಟ್ಟೆಯಂಥ ಕುಂಡದಲ್ಲಿ ಕೂರಿಸಿದ. ಸಂಜೆ ದೀಪ ಹಚ್ಚುವುದರೊಳಗೆ ಎಲ್ಲ ಮುಗಿಯಿತು.

ನೋಡಲು ಚೆನ್ನಾಗಿಯೇ ಇತ್ತು. ಮನೆಯವರೆಲ್ಲ ಬಂದು ನೋಡಿದರು. ನೆರೆಯವರನ್ನೂ ಕರೆದು ತೋರಿಸಿದರು. ಎರಡು ವರ್ಷದಲ್ಲಿ ಮೊದಲ ಸಲ ಅವನು ಅವತ್ತು ಎರಡನೆಯ ಸಲ ಅನ್ನ ಹಾಕಿಸಿಕೊಂಡ. "ಬೆರಳು ನಡುಗಲೇ ಇಲ್ಲ ಕಣೇ," ಎಂದು ಹೆಂಡತಿಗೆ ಹೇಳಿದ. ಸ್ವಲ್ಪ ನಡುಗಿತ್ತು. ಅವಳು ನೋಡಿದ್ದಳು, ಆದರೆ ಹೂಂ ಎಂದಳು.

ಮೂರನೆಯ ವಾರ ಹಸಿರಿನ ಮೆರುಗು ಹೋಯಿತು. ಬೇರೆ ಯಾರಿಗೂ ಕಾಣುವ ಮೊದಲೇ ಅವನಿಗೆ ಕಂಡಿತು, ಮೆರುಗು ನೋಡಿ ಬದುಕಿದ ಕಣ್ಣು. ಅವನು ಉಗುರಿನಿಂದ ತೊಗಟೆ ಕೆರೆದು ನೋಡಿದ. ಒಳಗೆ ಹಸಿ ಇತ್ತು. ಉಸಿರು ಬಂತು. ಮರುದಿನ ಮತ್ತೆ ಅನುಮಾನ ಹುಟ್ಟಿತು, ಇನ್ನೊಂದು ಕಡೆ ಕೆರೆದ. ಒರೆಗೆ ಹಚ್ಚದೆ ಯಾವುದನ್ನೂ ನಂಬುವ ಜಾತಿಯಲ್ಲ ಅಕ್ಕಸಾಲಿಗ. ದಿನವೂ ಕೆರೆದ. ಹತ್ತು ಹನ್ನೆರಡು ದಿನದಲ್ಲಿ ಕಾಂಡದ ತುಂಬ ಗೀರುಗಳಾದವು. ಎಲೆಯ ತುದಿಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ಅವನು ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ನರ್ಸರಿಗೆ ಹೋದ.

ಮುದುಕಿ ಗಿಡವನ್ನು ಸುತ್ತಲೂ ತಿರುಗಿಸಿ ನೋಡಿದಳು.

"ಎಲ್ಲಾ ಒಂದೇ ದಿನ ಮಾಡಿದ್ರಾ?"

"ಹೂಂ ತಾಯಿ."

"ಈ ಗೀರುಗಳೇನು?"

"ಜೀವ ಇದೆಯಾ ಅಂತ ನೋಡ್ದೆ."

"ದಿನಾ ಕೆರೆದು ನೋಡಿದ್ರೆ ಇರೋ ಜೀವಾನೂ ಹೋಗುತ್ತೆ, ಆಚಾರ್ರೇ." ಅವಳು ಕತ್ತರಿಯಿಂದ ತಂತಿಗಳನ್ನು ತುಂಡು ತುಂಡಾಗಿ ಕತ್ತರಿಸಿ ತೆಗೆದಳು. "ಇನ್ನು ಒಂದು ವರ್ಷ ಇದನ್ನ ಮುಟ್ಬೇಡಿ. ನೆರಳಲ್ಲಿಡಿ. ಮೇಲ್ಮಣ್ಣು ಒಣಗಿದ್ರೆ ನೀರು ಹಾಕಿ. ಅಷ್ಟೇ."

"ಬದುಕುತ್ತಾ?"

"ಗೊತ್ತಿಲ್ಲಪ್ಪ. ಈ ಜಾತಿ ಗಿಡ ಸತ್ತ ಮೇಲೂ ಎರಡು ಮೂರು ತಿಂಗಳು ಹಸಿರಾಗೇ ಇರುತ್ತೆ. ಬಣ್ಣ ನಂಬೋ ಹಾಗಿಲ್ಲ."

ಬಣ್ಣ ನಂಬಬಾರದು ಎನ್ನುವುದನ್ನು ಅಕ್ಕಸಾಲಿಗನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಹೊಳಪಿನ ಕೆಳಗೆ ಏನಿದೆ ಎಂದು ತಿಳಿಯಲು ಅವನಿಗೆ ಗೊತ್ತಿದ್ದದ್ದು ಉಜ್ಜಿ ನೋಡುವುದೊಂದೇ. ಈಗ ಉಜ್ಜುವ ಹಾಗಿಲ್ಲ. ಅವನು ಕುಂಡವನ್ನು ಹಿತ್ತಲ ನೆರಳಿನಲ್ಲಿಟ್ಟ. ನಡುಮನೆಯಲ್ಲಿದ್ದ ತನ್ನ ಕೆಲಸದ ಮಣೆಯನ್ನು ಎತ್ತಿ ತಂದು ಹಿತ್ತಲ ಕಿಟಕಿಯ ಬಳಿ ಹಾಕಿಕೊಂಡ. ಬೆಳಿಗ್ಗೆ ಎದ್ದರೆ ಅಲ್ಲಿ, ಊಟವಾದರೆ ಅಲ್ಲಿ. ಕಿಟಕಿಯ ಜಾಗದಲ್ಲಿ ಮಧ್ಯಾಹ್ನದ ಸೆಕೆ ತಡೆಯಲಾಗುತ್ತಿರಲಿಲ್ಲ. ಅವನು ಏಳುತ್ತಿರಲಿಲ್ಲ.

"ನನ್ನ ಮದುವೆ ಆದಾಗ್ಲೂ ಇಷ್ಟು ನೋಡ್ಲಿಲ್ಲ. ಈ ವಯಸ್ಸಲ್ಲಿ ನಂಗೊಬ್ಬಳು ಸವತಿ," ಎಂದು ಹೆಂಡತಿ ರೇಗಿಸಿದಳು.

ಅವನು ನಗಲಿಲ್ಲ. ಬೇರೆಯವರಿಗೆ ಅದು ಒಂದು ಗಿಡ. ಅವನಿಗೆ ಅದು ತನ್ನ ಕೈಯ ಕೊನೆಯ ಕೆಲಸ. ಅದು ಸತ್ತರೆ ಈ ಕೈಗಳು ಒಡವೆ ಮಾಡಲಾರವು ಎನ್ನುವುದಷ್ಟೇ ಅಲ್ಲ, ಮುಟ್ಟಿದ್ದನ್ನು ಕೊಲ್ಲುತ್ತವೆ ಎಂದೂ ಆಗುತ್ತದೆ. ಆ ಭಯ ಅವನನ್ನು ಹಿಂಡುತ್ತಿತ್ತು. ಒಂದೊಂದು ಸಲ ಎದ್ದು ಹೋಗಿ ಗಿಡದ ಮುಂದೆ ನಿಲ್ಲುತ್ತಿದ್ದ. ಕೈ ಮುಂದೆ ಹೋದರೆ ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ವಾಪಸು ಬರುತ್ತಿದ್ದ. ಅರವತ್ತು ವರ್ಷದಲ್ಲಿ ಅವನು ಮಾಡಿದ ಅತಿ ಕಷ್ಟದ ಕೆಲಸ ಅದೇ.

ಮೂರು ಕೊಂಬೆಗಳು ಕಂದಿ ಒಣಗಿದವು. ಅವತ್ತು ಅವನು ಹೆಂಡತಿಯ ಮುಂದೆ ಕೂತು ಅತ್ತ. ಅವಳು ಆಮೇಲೆ ಸವತಿಯ ಮಾತು ಎತ್ತಲಿಲ್ಲ.

ಐದನೆಯ ತಿಂಗಳಿನಲ್ಲಿ ಒಂದು ವಿಚಿತ್ರ ಕಂಡಿತು. ಅಲ್ಲಿಯವರೆಗೆ ಇವತ್ತು ಹಾಕಿದ ನೀರು ನಾಲ್ಕನೆಯ ದಿನಕ್ಕೂ ಮಣ್ಣಿನಲ್ಲಿ ಹಾಗೇ ಇರುತ್ತಿತ್ತು. ಈಗ ಮರುದಿನವೇ ಮಣ್ಣು ಒಣಗಿತ್ತು. ಬಿಸಿಲ ಝಳಕ್ಕಿರಬಹುದು ಎಂದುಕೊಂಡು ನೀರು ಹಾಕಿದ. ಮಾರನೆಯ ದಿನವೆಲ್ಲ ಮೋಡ. ಆದರೂ ಮಣ್ಣು ಒಣಗಿತು. ಅವನು ಬಹಳ ಹೊತ್ತು ಆ ಮಣ್ಣನ್ನೇ ನೋಡುತ್ತ ನಿಂತ. ಮೇಲೆ ಎಲೆ ಮಂಕಾಗಿಯೇ ಇತ್ತು. ಕೆಳಗೆ ಮಾತ್ರ ಯಾರೋ ನೀರು ಕುಡಿಯುತ್ತಿದ್ದರು.

"ಕುಡೀತಿದೆ ಕಣೇ," ಎಂದ ಹೆಂಡತಿಗೆ.

ಎಂಟನೆಯ ತಿಂಗಳಿನಲ್ಲಿ ಉಳಿದ ಕೊಂಬೆಗಳ ತುದಿಯಲ್ಲಿ ಅಕ್ಕಿಕಾಳಿನಷ್ಟು ಎಳೆ ಹಸಿರು ಬಂತು. ಅವನು ಮುಟ್ಟಲಿಲ್ಲ. ಕಿಟಕಿಯಲ್ಲಿ ಕೂತಲ್ಲಿಂದಲೇ ನೋಡಿ, ಗೋಡೆಗೆ ಒರಗಿ ಕಾಲು ಚಾಚಿದ. ಎಂಟು ತಿಂಗಳಿಂದ ಅವನು ಕಾಲು ಚಾಚಿ ಕೂತಿರಲಿಲ್ಲ. ಹಾಗೇ ನಿದ್ದೆ ಹೋದ.

ಆಮೇಲಿನದು ಸುಲಭ. ವರ್ಷಕ್ಕೆ ಒಂದೇ ಕೆಲಸ. ಒಂದು ವರ್ಷ ತಂತಿ ಸುತ್ತಿದ, ತೊಗಟೆಗೆ ಕಚ್ಚುವ ಮೊದಲೇ ಬಿಚ್ಚಿದ. ಇನ್ನೊಂದು ವರ್ಷ ಬೇರನ್ನು ಸ್ವಲ್ಪವೇ ಸವರಿದ. ಮತ್ತೊಂದು ವರ್ಷ ಕುಂಡ ಬದಲಾಯಿಸಿದ. ಸತ್ತ ಮೂರು ಕೊಂಬೆಗಳನ್ನು ಕತ್ತರಿಸಿ ಎಸೆಯಲು ಹೊರಟಾಗ ಮುದುಕಿ ತಡೆದಳು. ತೊಗಟೆ ಸುಲಿದು ಹಾಗೇ ಬಿಡಿ ಎಂದಳು. ಅವನು ಸುಲಿದು, ಒಡವೆಗೆ ಮೆರುಗು ಕೊಡುವ ಕಲ್ಲಿನಿಂದ ತೀಡಿದ. ಅವು ಬೆಳ್ಳಗಾದವು. ಏಳನೆಯ ವರ್ಷ ಮರ ಪ್ರದರ್ಶನಕ್ಕೆ ಹೋಯಿತು. ಬಂದವರೆಲ್ಲ ಮೊದಲು ಕೇಳಿದ್ದು ಆ ಮೂರು ಬಿಳಿ ಕೊಂಬೆಗಳ ವಿಷಯ. ಇವನ್ನು ಹೇಗೆ ಮಾಡಿದಿರಿ ಎಂದರು. "ನನ್ನ ತಪ್ಪು, ಸ್ವಾಮಿ," ಎಂದ ಅಕ್ಕಸಾಲಿಗ. ವಿನಯಕ್ಕೆ ಹೇಳುತ್ತಾನೆ ಎಂದು ಅವರು ತಿಳಿದರು. ಅವನ ಹೆಬ್ಬೆರಳು ಅವತ್ತೂ ನಡುಗುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಬಿಸಿಲು ಬಾವಿಯ ಒಳಗೋಡೆಗೆ ಇಳಿದಿತ್ತು.

ಪ್ರವಚನ, ಬೀಗದಕೈ, ಮಲಗುವ ಜಾಗ, ಎಲ್ಲ ಒಂದೇ ದಿನ ಹೋದದ್ದು ಮರುಳಸಿದ್ಧನ ನೆನಪಿಗೆ ಬಂತು. ಕೇಳಬೇಕೋ ಬೇಡವೋ ಎಂದು ಅಳುಕಿ ಕೊನೆಗೆ ಕೇಳಿಯೇಬಿಟ್ಟ.

"ಅಕ್ಕಸಾಲಿಗ ಎಲ್ಲಾ ಒಂದೇ ದಿನ ಮಾಡಿದ್ದು ತಪ್ಪಲ್ವಾ, ಬುದ್ಧೀ?"

"ತಪ್ಪೇ," ಎಂದರು ಗುರುಗಳು. "ಅದು ಅವನಿಗೆ ಅವತ್ತೇ ಗೊತ್ತಾಗಿದ್ರೆ ಅಷ್ಟು ಭಯ ಪಡಬೇಕಾಗಿರ್ಲಿಲ್ಲ."

ಗುರುಗಳು ತಮ್ಮ ತಪ್ಪನ್ನು ಒಪ್ಪಿದ್ದನ್ನು ಮರುಳಸಿದ್ಧ ಐದು ವರ್ಷದಲ್ಲಿ ಕೇಳಿರಲಿಲ್ಲ. ಕಣ್ಣು ಒದ್ದೆಯಾಯಿತು, ಅದನ್ನು ಮರೆಮಾಡಲು ಬಗ್ಗಿ ಹಗ್ಗ ಸುತ್ತತೊಡಗಿದ. ಸುತ್ತುತ್ತಲೇ ಇನ್ನೊಂದು ಮಾತು ಕೇಳಿದ.

"ಕಿಟಕೀಲಿ ಒಬ್ರು ತನಗೋಸ್ಕರ ಕೂತಿದಾರೆ ಅಂತ ಆ ಗಿಡಕ್ಕೆ ಗೊತ್ತಿತ್ತಾ?"

ಗುರುಗಳು ಮಂಡಿಗೆ ಕೈ ಊರದೆ, ನೆಟ್ಟಗೆ ಎದ್ದು ನಿಂತರು.

"ಪಾಪ, ಗಿಡಕ್ಕೆ ಹ್ಯಾಗೆ ಗೊತ್ತಾಗ್ಬೇಕು, ಎಂಟು ತಿಂಗಳಿಂದ ನಾನು ಈ ಬಿಸಿಲಲ್ಲಿ ಕೂರೋದು ಮಂಡಿನೋವಿಗೆ ಅಂತ ನೀನೂ ಅಂದ್ಕೊಂಡ್ಯಲ್ಲ?"