ಐದೆಲೆ ಕಟ್ಟೆ

ಅಗಳಕೆರೆಯ ಏರಿಯ ಕೆಳಗೆ, ಹಿಪ್ಪೆಮರದ ನೆರಳಿನಲ್ಲಿ, ಮೊಣಕಾಲೆತ್ತರದ ಒಂದು ಕಲ್ಲುಕಟ್ಟೆ ಇದೆ. ಓಟು, ರೇಷನ್ ಕಾರ್ಡು ಎಂದರೆ ಜನ ಬಸ್ಸು ನಿಲ್ಲುವ ಕಡೆಯ ಪಂಚಾಯಿತಿ ಕಚೇರಿಗೆ ಹೋಗುತ್ತಾರೆ. ಕೆರೆ ನೀರಿನ ತಕರಾರು, ಅಣ್ಣತಮ್ಮಂದಿರ ವ್ಯಾಜ್ಯ ಮಾತ್ರ ಇವತ್ತಿಗೂ ಈ ಕಟ್ಟೆಗೇ ಬರಬೇಕು. ಕೂಡುವ ಹಿರಿಯರು ನಾಲ್ವರು. ಆದರೂ ಆ ಕೂಟಕ್ಕೆ ‘ಐದೆಲೆ’ ಎಂದೇ ಹೆಸರು. ‘ಐದೆಲೆ ಕೂಡಿದೆ’, ‘ಐದೆಲೆ ಮಾತು ಮೀರಬಾರದು’ ಎನ್ನುತ್ತಾರೆ. ಹೊಸದಾಗಿ ಬಂದ ಸೊಸೆಯಂದಿರು, ನಾಲ್ಕು ಜನಕ್ಕೆ ಐದು ಎಲೆ ಯಾಕತ್ತೆ ಎಂದು ಕೇಳುವುದುಂಟು. ಕೇಳಿದವರಿಗೆ ಕೆಂಚವ್ವನ ಕಥೆ ಹೇಳದೆ ವಿಧಿಯಿಲ್ಲ.

ಹಿಂದೆ ಒಮ್ಮೆ, ಎಷ್ಟು ತಲೆಮಾರಾಯಿತೋ ಲೆಕ್ಕವಿಟ್ಟವರಿಲ್ಲ, ಆ ಕೂಟಕ್ಕೆ ನಾಲ್ಮನೆ ಎಂದು ಹೆಸರಿತ್ತಂತೆ. ತಟ್ಟೆಯಲ್ಲಿ ನಾಲ್ಕು ವೀಳ್ಯದೆಲೆ. ತೀರ್ಪಿಗೆ ಒಪ್ಪಿದ ಹಿರಿಯ ತನ್ನ ಎಲೆ ಎತ್ತಿಕೊಳ್ಳಬೇಕು; ಒಂದೆಲೆ ಉಳಿದರೂ ತೀರ್ಪು ನಿಲ್ಲದು. ತಪ್ಪು ಹೊತ್ತವರು ಬಾಯಲ್ಲಿ ಹುಲ್ಲು ಕಚ್ಚಿ, ತಲೆ ತಗ್ಗಿಸಿ ನಿಲ್ಲಬೇಕು. ಅವರ ಪರವಾಗಿ ಮನೆಯ ಗಂಡಸು ಮಾತಾಡಬೇಕು. ಆ ನಾಲ್ವರಲ್ಲಿ ಜುಂಜಣ್ಣ ಒಬ್ಬ. ಅವನ ತಂಗಿ ಕೆಂಚವ್ವ, ಮಕ್ಕಳಿಲ್ಲದ ವಿಧವೆ, ಗಂಡ ಸತ್ತ ಮೇಲೆ ಗದ್ದೆಗಳಿಗೆ ಕೆರೆನೀರು ಬಿಡುವ ಅವನ ನೀರಗಂಟಿ ಕೆಲಸವನ್ನು ತಾನೇ ಮಾಡಿಕೊಂಡಿದ್ದಳು. ನಾಲ್ಮನೆಯ ಅಪ್ಪಣೆಯಿಲ್ಲದೆ ಕೆರೆಯ ತೂಬು ಎತ್ತುವಂತಿರಲಿಲ್ಲ. ಒಂದು ಕಾರ್ತೀಕದ ರಾತ್ರಿ, ಕೆರೆ ತುಂಬಿ ತುಳುಕುತ್ತಿದ್ದಾಗ, ಅವಳು ಯಾರನ್ನೂ ಕೇಳದೆ ತೂಬು ಎತ್ತಿಬಿಟ್ಟಳು. ಕೆಳಗದ್ದೆಯ ಕೊಯ್ಲಿಗೆ ಬಂದ ಭತ್ತವೆಲ್ಲ ಕೊಚ್ಚಿಕೊಂಡು ಹೋಯಿತು.

ಮರುದಿನ ಬೆಳಿಗ್ಗೆ ಕೆಂಚವ್ವ ಕೆಸರು ಮೈಯಲ್ಲೇ ಅಣ್ಣನ ಬಾಗಿಲಿಗೆ ಬಂದಳು. “ಅಣ್ಣಯ್ಯ, ಒಂದು ಮಾತು ಕೇಳಿಬಿಡು.”

ಜುಂಜಣ್ಣ ಹೊಸಿಲು ದಾಟಲಿಲ್ಲ. “ಮನೇಲಿ ಬೇಡ ಕಣವ್ವ. ತಂಗಿ ಅಂತ ಒಳಗೊಳಗೇ ಮಾತಾಡ್ಕೊಂಡ ಅಂತಾರೆ ಜನ. ಏನಿದ್ರೂ ಕಟ್ಟೇಲಿ.”

“ಕಟ್ಟೇಲಿ ಬಾಯೊಳಗೆ ಹುಲ್ಲಿರ್ತದಲ್ಲಣ್ಣ. ನನ್ನ ಪರ ಆಡೋ ಗಂಡಸೂ ನೀನೇ. ನೀನು ಮೇಲೆ ಕೂತಿರ್ತೀಯ,” ಎಂದು ಅವಳು ನಕ್ಕಳಂತೆ. ಅವನು ಮುಖ ತಿರುಗಿಸಿದ.

ಕಟ್ಟೆಯಲ್ಲಿ ಬೆಳೆ ಕಳೆದುಕೊಂಡವರೆಲ್ಲ ಮಾತಾಡಿದರು, ಕೆಂಚವ್ವ ಹುಲ್ಲು ಕಚ್ಚಿ ನಿಂತಿದ್ದಳು. ಊರು ಬಿಟ್ಟು ಹೋಗಬೇಕೆಂದು ತೀರ್ಪಾಯಿತು. ಮೂರು ಎಲೆ ಎದ್ದವು. ಜುಂಜಣ್ಣನ ಕೈ ಮಾತ್ರ ತೊಡೆಯ ಮೇಲೇ ಇತ್ತು. “ಏನಪ್ಪ ಜುಂಜಣ್ಣ, ತವರಿನ ಎಲೆ ಭಾರವೋ?” ಎಂದ ಹಿರಿಯ ಓಬಯ್ಯ. ನಿಂತಿದ್ದವರು ನಕ್ಕರು. ಆ ನಗೆಗೆ ಹೆದರಿ ಅವನು ಎಲೆ ಎತ್ತಿಕೊಂಡ. ಕೆಂಚವ್ವ ಒಮ್ಮೆ ತಲೆಯೆತ್ತಿ ಅಣ್ಣನನ್ನು ನೋಡಿದಳು. ಊರ ಗಡಿ ದಾಟುವವರೆಗೂ ಬಾಯಿಂದ ಹುಲ್ಲು ತೆಗೆಯಲಿಲ್ಲವಂತೆ.

ಬೇಸಿಗೆಗೆ ಕೆರೆ ಇಂಗಿತು. ಏರಿ ರಿಪೇರಿಗೆ ಇಳಿದವರು ಒಳಮೈಯಲ್ಲಿ ಗಡಿಗೆಯ ಬಾಯಷ್ಟು ಅಗಲದ ತೂತು ಕಂಡು ಜುಂಜಣ್ಣನನ್ನು ಕರೆದರು. ಕಲ್ಲು, ಜೇಡಿ ತುಂಬಿ, ಮೇಲೆ ಒಂದು ಸೀರೆ ತುರುಕಿ ಬಿಗಿದಿತ್ತು. ನೀರು ತಗ್ಗದಿದ್ದರೆ ಅಲ್ಲಿಗೆ ಕೈ ಎಟುಕುತ್ತಿರಲಿಲ್ಲ. ಕೈ ಎಟುಕದಿದ್ದರೆ ಏರಿ ಒಡೆದು ಊರೇ ಉಳಿಯುತ್ತಿರಲಿಲ್ಲ. ಅಪ್ಪಣೆ ಕೇಳುವಷ್ಟು ಹೊತ್ತು ಅವಳಿಗಿರಲಿಲ್ಲ. ಸೀರೆಯ ಅಂಚನ್ನು ಜುಂಜಣ್ಣ ತೊಳೆದು ನೋಡಿದ. ಗೌರಿಹಬ್ಬಕ್ಕೆ ತಾನೇ ತಂಗಿಗೆ ಉಡಿಸಿದ್ದು.

ಅವನು ಊರೂರು ಅಲೆದ. ಆರನೆಯ ಊರಿನಲ್ಲಿ ಒಬ್ಬ ಮುದುಕಿ, “ಆವಮ್ಮನಾ? ಕಳೆ ಕೀಳೋಕೆ ಬರ್ತಿದ್ಲು. ಮಾಘದಲ್ಲೇ ತೀರಿಕೊಂಡ್ಲಪ್ಪ. ಯಾರಿದ್ದಾರೆ ಅಂತ ಕೇಳಿದ್ರೆ ಅಣ್ಣ ಇದ್ದಾನೆ ಅಂತಿದ್ಲು,” ಎಂದಳು.

ಮುಂದಿನ ಸಲ ನಾಲ್ಮನೆ ಕೂಡಿದಾಗ ಜುಂಜಣ್ಣ ತಟ್ಟೆಗೆ ಐದು ಎಲೆ ಇಟ್ಟ. ಐದನೆಯದು ಯಾರಿಗೆಂದು ಓಬಯ್ಯ ಕೇಳಿದ. “ಕೆಂಚವ್ವನಿಗೆ.”

“ಸತ್ತವಳು ಬಂದು ಎತ್ತಿಕೊಳ್ತಾಳೇನಪ್ಪ?”

“ಇದ್ದಾಗ ನಾವು ಕೊಡಲಿಲ್ಲ. ಇನ್ನು ಇಲ್ಲಿ ನಿಲ್ಲೋರಿಗಾದ್ರೂ ಕೊಡೋಣ,” ಎಂದು ಜುಂಜಣ್ಣ ಎದುರಿಗೆ ನಿಂತವನ ಬಾಯಿಂದ ಹುಲ್ಲು ತಾನೇ ತೆಗೆದನಂತೆ. ಆ ದಿನ ಯಾರೂ ನಗಲಿಲ್ಲ.

ಅಂದಿನಿಂದ ಕೂಟಕ್ಕೂ ಕಟ್ಟೆಗೂ ಐದೆಲೆ ಎಂಬ ಹೆಸರು ನಿಂತಿತು ಎನ್ನುತ್ತಾರೆ. ನೋಡಹೋದವರಿಗೆ ಈಗಲೂ ಕಾಣುತ್ತದೆ: ಕಟ್ಟೆಯ ಮೇಲೆ ಹಿರಿಯರು ಕೂರುವ ನಾಲ್ಕು ಕಲ್ಲುಗಳ ಎದುರಿಗೆ, ಅಷ್ಟೇ ಎತ್ತರದ ಒಂದು ಒಂಟಿ ಕಲ್ಲು. ಅದರ ಮೇಲೆ ಕೂತವರು ತಮ್ಮ ಮಾತು ಮುಗಿಸುವ ತನಕ ತಟ್ಟೆಗೆ ಯಾರೂ ಕೈ ಹಾಕುವುದಿಲ್ಲ. ಹೊತ್ತು ಇಳಿದರೂ, ಎಲೆ ಬಾಡಿದರೂ ಕಾಯುತ್ತಾರೆ.