ಹುಣ್ಣು ಕಟ್ಟುತ್ತಿದ್ದ ದಾನವ್ವ

ಬಹಳ ಹಿಂದೆ, ಹೊಳೆದಂಡೆಯ ಒಂದೂರಿನಲ್ಲಿ ದಾನವ್ವ ಎಂಬ ಹೆಂಗಸು ಇದ್ದಳಂತೆ. ಯಾವ ಕಾಲ ಎಂದರೆ ಹೇಳಿದವರಿಗೂ ಗೊತ್ತಿಲ್ಲ. ಯಾವ ಊರು ಅಂತ ಮಾತ್ರ ಕೇಳಬೇಡಿ, ಮೂರು ಊರಿನವರು ನಮ್ಮದೇ ನಮ್ಮದೇ ಅಂತ ಇವತ್ತಿಗೂ ಜಗಳಕ್ಕೆ ನಿಲ್ಲುತ್ತಾರೆ. ಮೂರೂ ಊರಲ್ಲಿ ಸುಣ್ಣದ ಭಟ್ಟಿಗಳಿದ್ದವು. ಗುಡ್ಡದಿಂದ ಕಲ್ಲು ತಂದು ಸುಡುವುದು, ಸುಟ್ಟದ್ದನ್ನು ಗುಂಡಿಗೆ ಹಾಕಿ ನೀರು ಬಿಟ್ಟು ಅರಳಿಸುವುದು, ಅದೇ ಬದುಕು. ಕೈಯೋ ಕಾಲೋ ಸುಟ್ಟುಕೊಳ್ಳದ ಮನುಷ್ಯ ಆ ಊರುಗಳಲ್ಲಿ ಇರಲಿಲ್ಲವಂತೆ.

ದಾನವ್ವನ ಕೈಗುಣ ದೊಡ್ಡದು. ಅವಳು ಸೊಪ್ಪು ಅರೆದು ಕಟ್ಟಿದರೆ ಎಲುಬು ಕಾಣುವ ಗಾಯವೂ ಮಾಗುತ್ತಿತ್ತು ಅಂತಾರೆ. ಬಾಯಿಂದ ಊದಿದರೆ ಸಾಕು, ಉರಿ ಇಳಿಯುತ್ತಿತ್ತು ಅಂತಾರೆ. ಅವಳ ನೆರಳು ಬಿದ್ದರೆ ಕುರು ತಾನಾಗಿ ಒಡೆಯುತ್ತಿತ್ತು ಅನ್ನುವವರೂ ಇದ್ದಾರೆ. ಅಷ್ಟನ್ನೆಲ್ಲ ನಂಬಬೇಡಿ. ಜನ ಬಾಯಿಗೆ ಬಂದದ್ದು ಹೇಳುತ್ತಾರೆ.

ಆದರೆ ಇದೊಂದು ಸುಳ್ಳಲ್ಲ: ಅವಳು ಮೊಟ್ಟಮೊದಲು ಉಳಿಸಿದ್ದು ತನ್ನ ತಮ್ಮ ಹುಲಗಪ್ಪನನ್ನು. ತಾಯಿತಂದೆ ಇಲ್ಲದ ಮನೆ, ಅಕ್ಕನೇ ಎತ್ತಿ ಆಡಿಸಿ ಬೆಳೆಸಿದವಳು. ಐದು ವರ್ಷದವನಿದ್ದಾಗ ಅವನು ಕುದಿಯುವ ಸುಣ್ಣದ ಗುಂಡಿಯಲ್ಲಿ ಕಾಲಿಟ್ಟ. ಮೊಣಕಾಲಿನ ಕೆಳಗೆಲ್ಲ ಚರ್ಮ ಸುಲಿದು ಬಂತು. ಬದುಕುವ ಜೀವವಲ್ಲ ಅಂದರು ಎಲ್ಲರೂ. ದಾನವ್ವ ಲೋಳೆಸರ ಹಚ್ಚಿದಳು, ಔಡಲೆಣ್ಣೆ ಹಚ್ಚಿದಳು, ಅವ್ವನ ಹಳೇ ಸೀರೆ ಹರಿದು ಕಟ್ಟಿದಳು. ಒಂದು ವರ್ಷ ಕಟ್ಟಿದಳು. ಚರ್ಮ ಕೂಡಿತು, ಕೂದಲು ಬಾರದ, ಮಿರಿಮಿರಿ ಮಿನುಗುವ ಕಲೆಯೊಂದು ಉಳಿಯಿತು. ಆ ಕಲೆ ನೋಡಿಯೇ ಊರವರು ಅವಳ ಬಾಗಿಲಿಗೆ ಬರತೊಡಗಿದ್ದು.

ಆ ಸೀಮೆಯಲ್ಲಿ ಆಗ ಒಂದು ಕಟ್ಟಳೆಯಿತ್ತಂತೆ. ಒಬ್ಬರು ಕಟ್ಟಿದ ಹುಣ್ಣನ್ನು ಇನ್ನೊಬ್ಬರು ಬಿಚ್ಚಿ ನೋಡಬಾರದು. ನೋಡುವುದಿರಲಿ, ಅದರ ಮಾತೂ ಎತ್ತಬಾರದು. ಎತ್ತಿದರೆ ಕಟ್ಟಿದ ಕೈಗೆ ಅವಮಾನ, ಕೈಗುಣ ಹಾರಿಹೋಗುತ್ತದೆ ಎಂಬ ನಂಬಿಕೆ. ಊರಲ್ಲಿ ಕುರು ಕೊಯ್ಯಲು ಕ್ಷೌರದ ಹಡಪದ ನಿಂಗಣ್ಣ ಇದ್ದ, ಕಬ್ಬಿಣ ಕಾಸಿ ಬರೆ ಕೊಡಲು ಕಂಬಾರ ಮೋನಪ್ಪ ಇದ್ದ, ಎಲುಬು ಕೂಡಿಸಲು ಮೌಲಾಸಾಬ ಇದ್ದ. ದಾನವ್ವನಿಗೆ ಮೂವರೂ ಬೇಕಾದವರೇ, ಕಷ್ಟಸುಖಕ್ಕೆ ಆಗುವವರೇ. ಆದರೆ ಒಬ್ಬರು ಹಿಡಿದ ರೋಗಿಯ ಕಡೆ ಇನ್ನೊಬ್ಬರು ಕಣ್ಣೆತ್ತಿ ನೋಡುತ್ತಿರಲಿಲ್ಲ. ಅದನ್ನೇ ಅವರು ಮರ್ಯಾದೆ ಅಂದುಕೊಂಡಿದ್ದರು.

ಹುಲಗಪ್ಪ ಬೆಳೆದ, ಭಟ್ಟಿಗೆ ಹೋದ, ಮದುವೆ ಒಲ್ಲೆನೆಂದು ಅಕ್ಕನ ಜೊತೆಗೇ ಉಳಿದ. ಅವನ ಮೀಸೆ ನರೆಯತೊಡಗಿದ ವರ್ಷ ಆ ಹಳೇ ಕಲೆಯ ನಡುವೆ ಚರ್ಮ ಬಿರಿಯಿತು. ಜೋಳದ ಕಾಳಿನಷ್ಟು, ಅಷ್ಟೇ. ದಾನವ್ವ ನಕ್ಕುಬಿಟ್ಟಳಂತೆ.

"ಅಷ್ಟ ದೊಡ್ಡ ಗಾಯಾನ ಮಾಗಿಸೇನಿ, ಇದ್ಯಾವ ಲೆಕ್ಕೋ ಹುಲಗ್ಯಾ," ಅಂದಳಂತೆ.

ಕಟ್ಟಿದಳು, ಮಾಗಲಿಲ್ಲ. ಸೊಪ್ಪು ಬದಲಿಸಿ ಕಟ್ಟಿದಳು, ಮಾಗಲಿಲ್ಲ. ಜೋಳ ಬಿತ್ತುವಾಗ ಕಟ್ಟಿದ್ದು ಸುಗ್ಗಿಗೂ ಮಾಗಲಿಲ್ಲ, ಮರುವರ್ಷದ ಸುಗ್ಗಿಗೂ ಮಾಗಲಿಲ್ಲ. ಅಂಚು ಗಟ್ಟಿಯಾಗಿ ಹೊರಳಿತು, ನಡುವೆ ಮಾಂಸ ಉಬ್ಬಿ ಬಂತು, ಬಟ್ಟೆ ತಾಗಿದರೂ ರಕ್ತ ಒಸರುತ್ತಿತ್ತು. ದಾನವ್ವ ಆ ಬಟ್ಟೆಗಳನ್ನು ಯಾರೂ ಬಾರದ ಕಡೆ, ಹೊಳೆಯ ಮೇಲ್ದಂಡೆಗೆ ಹೋಗಿ ಒಗೆದು ತರುತ್ತಿದ್ದಳು. ಅವಳಿಗೆ ಹೆದರಿಕೆ ಹೊಕ್ಕಿತ್ತು. ಇದೊಂದು ಸೋತರೆ ತಾನು ಇದುವರೆಗೆ ಕಟ್ಟಿದ್ದೆಲ್ಲ ಸೋತಂತೆ ಅನ್ನಿಸುತ್ತಿತ್ತು. ನಿಂಗಣ್ಣನಿಗಾದರೂ ತೋರಿಸಲೇ ಎಂದು ಎಷ್ಟೋ ಸಲ ಅವನ ಮನೆಯ ಓಣಿಯವರೆಗೆ ಹೋಗಿ ವಾಪಸು ಬಂದಳಂತೆ. ಇತ್ತ ಹುಲಗಪ್ಪ ಯಾರು ಕೇಳಿದರೂ, ಅಕ್ಕ ನೋಡುತ್ತಿದ್ದಾಳೆ ಅನ್ನುತ್ತಿದ್ದ. ಅಕ್ಕನ ಮೇಲೆ ಅವನಿಗೆ ಅಷ್ಟು ಭರವಸೆ. ಆ ಭರವಸೆಯೇ ಅವನಿಗೆ ಮುಳುವಾಯಿತು.

ಒಂದು ಮಧ್ಯಾಹ್ನ ಅವನು ಭಟ್ಟಿಯ ಹತ್ತಿರ ಕುಸಿದು ಬಿದ್ದ, ಏಳಲಾಗಲಿಲ್ಲ. ನಾಲ್ಕು ಜನ ಹೊತ್ತು ತಂದು ಪಡಸಾಲೆಯಲ್ಲಿ ಮಲಗಿಸಿದರು. ಆಗ ದಾನವ್ವ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು. ಮೂವರ ಮನೆಗಳಿಗೂ ತಾನೇ ಹೋದಳು. ಬರ್ರಿ, ನನ್ನ ಕೈಲಿಂದ ಆಗಲಿಲ್ಲ ಅಂದಳು. ಅಂಥ ಮಾತನ್ನು ಆ ಊರಲ್ಲಿ ಅದಕ್ಕೆ ಮೊದಲು ಯಾರೂ ಆಡಿರಲಿಲ್ಲ ಅಂತಾರೆ.

ಮೂವರೂ ಬಂದರು. ಕಂಬಳಿ ಹಾಸಿದಳು, ಕೂತರು. ಬಿಚ್ಚಿ ನೋಡಿರೆಂದಳು. ಯಾರೂ ಕೈ ಚಾಚಲಿಲ್ಲ. ಕೊನೆಗೆ ತಾನೇ ಬಟ್ಟೆ ಬಿಚ್ಚಿ, ನಿಂಗಣ್ಣನ ಕೈ ಹಿಡಿದು ತಂದು ತಮ್ಮನ ಕಾಲ ಮೇಲೆ ಇಟ್ಟಳು.

ನಿಂಗಣ್ಣ ಅಂಚನ್ನು ಮುಟ್ಟಿ ನೋಡಿದ, ತಲೆ ತಗ್ಗಿಸಿದ.

"ಹ್ವಾದ ಸುಗ್ಯಾಗನ ನನಗ ಕಂಡಿತ್ತವ್ವಾ," ಅಂದ. "ಕ್ಷೌರಕ್ಕ ಕುಂತಾಗ ಬಟ್ಟಿ ಜಾರಿತ್ತು. ಅಂಚು ಹೊಳ್ಳಿತ್ತು. ಆವಾಗ ಕೊಯ್ದಿದ್ರ ಅಂಗೈಯಷ್ಟ ಮಾಂಸದಾಗ ಮುಗೀತಿತ್ತು."

ಮೋನಪ್ಪ ತನಗೂ ಗೊತ್ತಿತ್ತೆಂದ. ಹುಲಗಪ್ಪ ಹಾರೆಯ ಮೊನೆ ಬಡಿಸಿ ಹಣಿಸಲು ಬಂದಾಗ ಮೂಗಿಗೆ ವಾಸನೆ ಬಡಿದಿತ್ತು, ಅದು ಬರೀ ಕೀವಿನ ವಾಸನೆಯಾಗಿರಲಿಲ್ಲ. ಮೌಲಾಸಾಬ ಹುಲಗಪ್ಪನ ತೊಡೆಸಂದಿಗೆ ಬೆರಳಿಟ್ಟ. ಅಲ್ಲಿ ಹುಣಸೆ ಬೀಜದಂಥ ಗಂಟುಗಳಿದ್ದವು, ಕಲ್ಲಿನಷ್ಟು ಗಟ್ಟಿ; ಹುಣ್ಣು ಮೇಲಕ್ಕೆ ಹಬ್ಬಿತ್ತು. ಕಾಲು ಎಳೆದು ನಡೆಯುವುದನ್ನು ನೋಡಿದಾಗಲೇ ಅವನಿಗೆ ಅನುಮಾನ ಬಂದಿತ್ತಂತೆ.

ದಾನವ್ವ ಮೂವರ ಮುಖವನ್ನೂ ನೋಡಿದಳು.

"ಒಬ್ಬರರ ಬಾಯಿ ಬಿಟ್ಟು ಹೇಳಬಾರದಾಗಿತ್ತೇನ್ರೋ?"

"ನಿನ್ನ ಕೈ ಕಟ್ಟಿದ್ದಲ್ಲೇನವ್ವಾ," ಅಂದ ನಿಂಗಣ್ಣ. "ಹೆಂಗ ಹೇಳೂದು?"

ಆಗ ದಾನವ್ವ ಎದೆ ಎದೆ ಬಡಿದುಕೊಂಡು ಅತ್ತಳಂತೆ. ನಿಂಗಣ್ಣನೂ ಅತ್ತ. ಯಾರ ಮೇಲೆ ಸಿಟ್ಟಾಗಬೇಕು ಹೇಳಿ. ಮೂವರಿಗೆ ಗೊತ್ತಿದ್ದುದು ನಾಲ್ಕನೆಯವಳ ಕಿವಿಗೆ ಬೀಳಲಿಲ್ಲ, ಅಷ್ಟರಲ್ಲಿ ಒಂದು ಜೀವ ಕೈತಪ್ಪಿ ಹೋಗುತ್ತಿತ್ತು.

ಅತ್ತು ಮುಗಿಸಿ ನಾಲ್ವರೂ ಕೂಡಿ ವಿಚಾರ ಮಾಡಿದರು. ಹೊತ್ತು ಇಳಿಯುವವರೆಗೂ ಮಾಡಿದರು. ಬರೀ ಬರೆ ಸಾಕೇ ಅಂದರೆ ಸಾಲದು ಅಂದ ಮೋನಪ್ಪ. ಹುಣ್ಣಷ್ಟೇ ಕೊಯ್ದರೆ ಹೇಗೆ ಅಂದರೆ ಎಲುಬಿಗೆ ಇಳಿದಿದೆ ಅಂದ ಮೌಲಾಸಾಬ. ಕಾಲು ತೆಗೆದರೆ ನೋವು, ನಾತ ಎರಡೂ ಹೋಗುತ್ತವೆ, ತೊಡೆಸಂದಿನ ಗಂಟು ಮಾತ್ರ ಯಾರ ಕೈಗೂ ಸಿಗುವುದಲ್ಲ. ಇದ್ದದ್ದನ್ನು ಇದ್ದಹಾಗೇ ದಾನವ್ವ ತಮ್ಮನಿಗೆ ಹೇಳಿದಳು. ಮುಚ್ಚಿಡಲಿಲ್ಲ.

ಹುಲಗಪ್ಪ, "ನಾಕೂ ಮಂದಿ ಕೂಡಿ ಹೇಳ್ತೀರಿ ಅಂದ್ರ ಆಗಲಿ," ಅಂದನಂತೆ. "ಯಕ್ಕಾ, ನೀ ನನ್ನ ತಲಿ ಹಿಡ್ಕೊಂಡು ಕುಂದ್ರು."

ಮರುದಿನ ಬೆಳಿಗ್ಗೆ ದಾನವ್ವ ಅವನಿಗೆ ಮಂಪರು ಬರುವ ಕಷಾಯ ಕುಡಿಸಿ ತಲೆ ಹಿಡಿದು ಕೂತಳು. ಎಲ್ಲಿ ಕತ್ತರಿಸಬೇಕೆಂದು ಮೌಲಾಸಾಬ ಬೆರಳಿಟ್ಟು ತೋರಿಸಿದ, ನಿಂಗಣ್ಣ ಕೊಯ್ದ, ಮೋನಪ್ಪ ಕಾದ ಕಬ್ಬಿಣದಿಂದ ರಕ್ತ ನಿಲ್ಲಿಸಿದ, ಕೊನೆಗೆ ದಾನವ್ವ ಸೊಪ್ಪು ಕಟ್ಟಿದಳು. ನಾಲ್ಕು ಕೈ ಕೂಡಿದ ಆ ಗಾಯ ಒಂದೇ ತಿಂಗಳಲ್ಲಿ ಮಾಗಿತಂತೆ, ಕೀವು ಕೂಡ ಆಗಲಿಲ್ಲ. ಕಾಲು ಮತ್ತೆ ಚಿಗುರಿತು ಅನ್ನುವವರಿದ್ದಾರೆ. ಚಿಗುರಲಿಲ್ಲ. ಅವನು ಏಳು ವರ್ಷ ಬದುಕಿದ ಅನ್ನುವವರಿದ್ದಾರೆ. ಏಳು ತಿಂಗಳು ಬದುಕಿದ. ಆ ತಿಂಗಳುಗಳಲ್ಲಿ ಮೂರೂ ಮನೆಯಿಂದ ಅವನಿಗೆ ಬುತ್ತಿ ಬರುತ್ತಿತ್ತು. ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ, ಹಾಸಿಗೆಗೆ ಬಿದ್ದ ಕೂಡಲೇ ನಿದ್ದೆ ಹೋಗುತ್ತಿದ್ದ. ಆಮೇಲೆ ತೊಡೆಸಂದಿನ ಗಂಟು ಒಡೆಯಿತು. ಮುಂದಿನ ಬಿತ್ತನೆಗೆ ಮೊದಲು, ಅಕ್ಕನ ತೊಡೆಯ ಮೇಲೇ ಹೋದ. ನೀರು ಕೇಳಿದ, ಕುಡಿದ, ಹೋದ.

ಆಮೇಲೆ ಬಹಳ ದಿನ ದಾನವ್ವ ಯಾರಿಗೂ ಕಟ್ಟಲಿಲ್ಲ. ತನ್ನ ಕೈಗಳನ್ನು ಕಂಡರೇ ಅವಳಿಗೆ ಆಗುತ್ತಿರಲಿಲ್ಲವಂತೆ. ಒಂದು ದಿನ ಸುಟ್ಟ ಕೈ ಹಿಡಿದುಕೊಂಡು ಒಬ್ಬಳು ಹೆಣ್ಣುಮಗಳು ಅಳುತ್ತ ಬಂದಳು. ದಾನವ್ವ ಅವಳನ್ನು ಒಳಗೆ ಕರೆಯಲಿಲ್ಲ. ಬೀದಿಬಾಗಿಲ ಹೊಸ್ತಿಲ ಮೇಲೆ ಕೂರಿಸಿ, ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಹೋಗಿಬರುವವರನ್ನೆಲ್ಲ ನಿಲ್ಲಿಸಿ ಕೇಳತೊಡಗಿದಳು: ಏನು ಕಾಣುತ್ತದೆ, ಹೇಳಿ. ಅವಮಾನವಾಗುವುದಿದ್ದರೆ ನನಗಾಗಲಿ, ಹೇಳಿ. ಸಾಯುವವರೆಗೂ ಹಾಗೇ ಕೇಳಿದಳಂತೆ.

ಅವಳಿಗೆ ಗುಡಿಯಿಲ್ಲ, ಕಲ್ಲಿಲ್ಲ. ಆದರೆ ಆ ಮೂರೂ ಊರಲ್ಲಿ ಇವತ್ತಿಗೂ ಹುಣ್ಣಿನ ಬಟ್ಟೆ ಬದಲಿಸುವುದು ಹೊಸ್ತಿಲ ಮೇಲೆ, ಹಗಲಲ್ಲಿ, ಬಾಗಿಲು ತೆರೆದಿಟ್ಟು. ದಾರಿಯಲ್ಲಿ ಹೋಗುವವರು ನಿಲ್ಲಬೇಕು, ನೋಡಬೇಕು, ಕಂಡದ್ದು ಹೇಳಬೇಕು. ಏನೂ ಕಾಣದಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿಯೇ ಮುಂದೆ ಹೋಗಬೇಕು. ಯಾರಾದರೂ ನೋಡಿಯೂ ಸುಮ್ಮನೆ ಹೊರಟರೆ ಮನೆಯ ಹೆಂಗಸರು ಹಿಂದಿನಿಂದ ಕೂಗುತ್ತಾರೆ:

"ಹೇಳಿ ಹೋಗೋ ಯಪ್ಪಾ! ಹುಲಗಪ್ಪಗ ಯಾರೂ ಹೇಳಲಿಲ್ಲ."